ಕೊಳ ನಮ್ಮದು, ಕಾರುಬಾರು ಕಪ್ಪೆಗಳದ್ದು

ಹಿತ್ತಲಲ್ಲೊಂದು ಕೊಳ ಇರಬೇಕು ಅನ್ನುವ ಆಸೆ ಹುಟ್ಟುವುದೇ ಫೋಟೋ ನೋಡಿ. ಫೋಟೋದಲ್ಲಿ ನೀರು ತಿಳಿಯಾಗಿರುತ್ತದೆ, ನೈದಿಲೆ ಅರಳಿರುತ್ತದೆ. ಪಕ್ಕದಲ್ಲೊಂದು ಬೆಂಚು, ಬೆಂಚಿನ ಮೇಲೆ ಕಪ್ಪು ಹಿಡಿದು ಕೂತ ಒಬ್ಬ ಮನುಷ್ಯ. ಅವನ ಪ್ಯಾಂಟಿಗೆ ಕೆಸರು ಹತ್ತಿರುವುದಿಲ್ಲ. ಅವನ ಕೊಳ ತೊಳೆಯುವವರು ಯಾರು ಅಂತ ಮಾತ್ರ ಫೋಟೋದಲ್ಲಿ ಕಾಣಿಸುವುದಿಲ್ಲ.

ನಾವು ಗುಂಡಿ ತೋಡಲು ಶುರು ಮಾಡಿದ ದಿನವೇ ಕಾಂಪೌಂಡಿನ ಮೇಲೆ ಪಕ್ಕದ ಮನೆಯವರ ತಲೆ ಕಾಣಿಸಿತು.

"ಸೆಪ್ಟಿಕ್ ಟ್ಯಾಂಕಾ?"

"ಅಲ್ಲ, ಕೊಳ."

"ಓ" ಅಂದರು. ಸೆಪ್ಟಿಕ್ ಟ್ಯಾಂಕ್ ಆಗಿದ್ದರೆ ಸ್ವಲ್ಪ ಜಾಸ್ತಿ ಮರ್ಯಾದೆ ಸಿಗುತ್ತಿತ್ತೇನೋ.

ಲೆಕ್ಕದ ಕೆಲಸವೆಲ್ಲ ಹೆಂಡತಿಯದು. ಉದ್ದ 2 ಮೀಟರ್, ಅಗಲ ಒಂದೂವರೆ, ಆಳ 60 ಸೆಂಟಿಮೀಟರ್. ಕೇಳಲು ಸಣ್ಣದು. ಆದರೆ ತುಂಬಿದಾಗ 1,800 ಲೀಟರ್, ಅಂದರೆ ಸುಮಾರು 1.8 ಟನ್ ತೂಕ! ಕೆಳಗೆ ಹಾಸುವ ಶೀಟು 2 ಮೀಟರ್ ಉದ್ದ ಇದ್ದರೆ ಸಾಲದು. ಆಳವನ್ನು ಎರಡು ಸಲ ಕೂಡಿಸಬೇಕು, ಅಂಚಿಗೆ ಎರಡೂ ಕಡೆ ಒಂದೊಂದು ಗೇಣಿಗಿಂತ ಜಾಸ್ತಿ ಬಿಡಬೇಕು. ಎಲ್ಲ ಸೇರಿ 3.8 ಮೀಟರ್ ಅಂತ ಅವಳು ಬರೆದುಕೊಟ್ಟಳು. ಅಂಗಡಿಯವನು "ಮೂರು ಸಾಕು ಬಿಡಿ" ಅಂದ. ಚೀಟಿಯನ್ನು ಅವನ ಮುಂದೆ ಹಿಡಿದೆ. ಸುಮ್ಮನಾದ.

ಜಾಗದ ವಿಷಯದಲ್ಲಿ ಜಗಳ ಬಂತು. ನೈದಿಲೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮರದ ಕೆಳಗಂತೂ ಕೊಳ ಮಾಡಲೇಬಾರದು. ಉದುರಿದ ಎಲೆ ತಳದಲ್ಲಿ ಕೊಳೆತು, ಗಾಳಿ ಸಿಗದೆ, ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹಾಗಾಗಿ ಕೊಳ ಬಿಸಿಲಿಗೆ ಹೋಯಿತು. ಮನುಷ್ಯರಿಗೆ ನೆರಳು ಬೇಕಲ್ವಾ? ಬೆಂಚು ಮರದ ಕೆಳಗೆ ಹೋಯಿತು. ಈಗ ಬೆಂಚಿನ ಮೇಲೆ ಕೂತರೆ ಕೊಳ ಕಾಣುವುದಿಲ್ಲ, ಕೊಳದ ಹತ್ತಿರ ನಿಂತರೆ ನೆತ್ತಿ ಸುಡುತ್ತದೆ.

ಇನ್ನು ಮಟ್ಟ. ನೆಲ ಸಮ ಇದೆ ಅಂತ ನಮ್ಮ ಕಣ್ಣು ಹೇಳುತ್ತದೆ. ನೀರು ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಅಂಚು ಎರಡು ಸೆಂಟಿಮೀಟರ್ ಎತ್ತರ ಇದ್ದರೂ ಸಾಕು, ಒಂದು ಕಡೆ ತುಂಬಿ ಚೆಲ್ಲುತ್ತಿರುತ್ತದೆ, ಇನ್ನೊಂದು ಕಡೆ ಕರಿ ಶೀಟು ಹಲ್ಲು ಬಿಟ್ಟುಕೊಂಡು ಕೂತಿರುತ್ತದೆ.

ಅಂತೂ ನೀರು ತುಂಬಿತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಮೀನಿಗೆ ಆಗುವುದಿಲ್ಲ ಅಂತ ಬಿಸಿಲಿಗೆ ಬಿಟ್ಟು ಕಾದೆವು. ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಹಾಕಿದ ನೀರಾದರೆ ಕಾದರೂ ಪ್ರಯೋಜನವಿಲ್ಲ, ಅದಕ್ಕೆ ಬೇರೆ ಔಷಧಿಯೇ ಬೇಕು. ಆಮೇಲೆ ನೋಡಿದರೆ ನೀರು ದಿನದಿನಕ್ಕೂ ಇಳಿಯುತ್ತಿದೆ. "ಬಿಸಿಲಿಗೆ ಆರುತ್ತಿದೆ" ಅಂತ ನಾನು. "ಸೋರುತ್ತಿದೆ" ಅಂತ ಅವಳು. ಮನೆ ಎರಡು ಪಕ್ಷವಾಯಿತು. ಮಗಳು ಮಾತ್ರ ಹಕ್ಕಿಗಳು ಕುಡಿಯುತ್ತಿವೆ ಅಂತ ಮೂರನೇ ಪಕ್ಷ ಕಟ್ಟಿದಳು.

ಇದಕ್ಕೆ ಬಕೆಟ್ ಪರೀಕ್ಷೆ ಅಂತ ಒಂದಿದೆ, ಬಹಳ ಒಳ್ಳೆಯದು. ಬಕೆಟಿಗೆ ಕೊಳದ ನೀರು ತುಂಬಿ, ಕೊಳದ ಒಳಗಿನ ಮೆಟ್ಟಿಲ ಮೇಲೆ ಇಡಬೇಕು. ಬಕೆಟಿನ ನೀರಿಗೊಂದು ಗುರುತು, ಕೊಳದ ನೀರಿಗೊಂದು ಗುರುತು. ಎರಡೂ ಒಂದೇ ಸಮ ಇಳಿದರೆ ಬಿಸಿಲು. ಕೊಳ ಜಾಸ್ತಿ ಇಳಿದರೆ ಸೋರಿಕೆ. ನಮ್ಮಲ್ಲಿ ಕೊಳ ಜಾಸ್ತಿ ಇಳಿಯಿತು. ಹೆಂಡತಿ ಏನೂ ಮಾತಾಡಲಿಲ್ಲ. ಗುರುತು ಹಾಕಿದ ಪೆನ್ನಿನ ಕ್ಯಾಪನ್ನು ಮಾತ್ರ ಟಕ್ ಅಂತ ಮುಚ್ಚಿದಳು.

ತೂತಿಗಾಗಿ ಹುಡುಕಿದೆವು, ಸಿಗಲಿಲ್ಲ. ಆದರೆ ಕೊಳದ ಒಂದು ಮೂಲೆಯಲ್ಲಿ ಹುಲ್ಲು ದಟ್ಟವಾಗಿ ಬೆಳೆದಿತ್ತು. "ಎಷ್ಟು ಚೆನ್ನಾಗಿ ಬಂದಿದೆ" ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ ಹುಲ್ಲು ಅದು. ಹೆಂಡತಿ ಅಲ್ಲಿಯ ಕಲ್ಲು ಎತ್ತಿದಳು. ಶೀಟಿನ ಅಂಚು ಮಡಚಿ ಕೆಳಗೆ ಕುಸಿದಿದೆ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಪಾಚಿ, ಪಾಚಿಯ ಒಂದು ತುದಿ ನೀರಿನೊಳಗೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಹಗಲೂ ರಾತ್ರಿ ನೀರು ಎಳೆದು ಹುಲ್ಲಿಗೆ ಕೊಡುತ್ತಿತ್ತು. ಅಂಚನ್ನು ಮೇಲೆತ್ತಿ ಕೂರಿಸಿದೆವು. ನೀರು ನಿಂತಿತು, ಹುಲ್ಲು ಒಣಗಿತು.

ಆಮೇಲೆ ಬಂದದ್ದು ಹಸಿರು. ಹೊಸ ಕೊಳ ಹಸಿರಾಗುವುದು ಸಹಜ. ಕಣ್ಣಿಗೆ ಕಾಣದ ಪಾಚಿ ನೀರಿನ ತುಂಬ ತೇಲುತ್ತಿರುತ್ತದೆ. ನೀರಿನ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಎಲೆಗಳು ಮುಚ್ಚಿ, ಗಿಡಗಳು ಗೊಬ್ಬರದ ಅಂಶವನ್ನೆಲ್ಲ ಹೀರಿಕೊಂಡರೆ ತಾನಾಗಿ ತಿಳಿಯಾಗುತ್ತದೆ. ನೀರು ಬದಲಾಯಿಸಿದರೆ ಪಾಚಿಗೆ ಹೊಸ ಊಟ ಬಡಿಸಿದಂತೆ, ಅಷ್ಟೇ. ಈ ವಿಷಯ ನಮಗೆ ಗೊತ್ತಿತ್ತು. ನನ್ನ ಭಾವಮೈದನಿಗೆ ಗೊತ್ತಿರಲಿಲ್ಲ.

ಅವನು ಕೆಲಸಗಾರ. ಸುಮ್ನೆ ಕೂರಲು ಬರುವುದಿಲ್ಲ. ನಾವು ಒಂದು ಮದುವೆಗೆ ಹೋಗಿದ್ದಾಗ ಮನೆ ನೋಡಿಕೊಳ್ಳಲು ಬಂದವನು ಕೊಳ ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ಬ್ರಷ್ ಹಾಕಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿಟ್ಟಿದ್ದ. ಹೊಳೆಯುತ್ತಿತ್ತು ಕೊಳ! ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಕೊಳಕು ಸ್ಪಂಜಿನಲ್ಲಿ. ಅವು ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜು ತೊಳೆಯುವುದಿದ್ದರೆ ಕೊಳದ ನೀರಲ್ಲೇ ಅದ್ದಿ ತೆಗೆಯಬೇಕು. ಪುಣ್ಯಕ್ಕೆ ಮೀನುಗಳನ್ನು ಅವನು ಕೊಳದ ಹಳೇ ನೀರು ತುಂಬಿದ ಡ್ರಮ್ಮಿನಲ್ಲಿ ಬಿಟ್ಟಿದ್ದ. "ಹೇಗಿದೆ?" ಅಂತ ಹೆಮ್ಮೆಯಿಂದ ಕೇಳಿದ. ಬೈಯಲು ಬಾಯಿ ಬರಲಿಲ್ಲ, ಊಟ ಹಾಕಿ ಕಳಿಸಿದೆವು. ಕೆಲವೇ ದಿನಗಳಲ್ಲಿ ನೀರು ಮೊದಲಿಗಿಂತ ಕಡು ಹಸಿರಾಯಿತು.

ಸೊಳ್ಳೆ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅದು ಅಷ್ಟೊಂದು ದೊಡ್ಡ ವಿಷಯವೇ ಅಲ್ಲ. ಗಪ್ಪಿ ಮೀನು ಬಿಟ್ಟರೆ ಲಾರ್ವಾಗಳ ಕಥೆ ಮುಗಿಯಿತು. ಗಪ್ಪಿಗಳ ಕಥೆ ಮಾತ್ರ ಮುಗಿಯುವುದಿಲ್ಲ. ಅವು ಮೊಟ್ಟೆ ಇಡುವುದಿಲ್ಲ, ತಿಂಗಳಿಗೊಮ್ಮೆ ಸೀದಾ ಮರಿಗಳನ್ನೇ ಹಾಕುತ್ತವೆ. ನಮ್ಮನೆಗೆ ಬಂದವರು ಯಾರೂ ಬರಿಗೈಲಿ ಹೋಗುವಂತಿಲ್ಲ.

ಕಪ್ಪೆಗಳನ್ನು ನಾವು ಕರೆದಿರಲಿಲ್ಲ. ಒಂದು ಮಳೆ ಬಂತು, ಅವೂ ಬಂದವು. ನೀರು ಬೀಳುವ ಜುಳುಜುಳು ಕೇಳುತ್ತಾ ಮಲಗಬೇಕು ಅಂತ ಪಂಪು ಹಾಕಿಸಿದ್ದೆವು. ಗಂಡು ಕಪ್ಪೆಗಳು ಸಂಸಾರ ಹೂಡಲು ಹೆಣ್ಣನ್ನು ಕರೆಯಲು ಶುರು ಮಾಡಿದರೆ ಜುಳುಜುಳು ಎಲ್ಲಿ ಕೇಳುತ್ತದೆ? ಟಾರ್ಚ್ ಹಿಡಿದು ಹೊರಗೆ ಹೋದರೆ ಒಂದೇ ಸಲಕ್ಕೆ ಮೌನ. ಒಳಗೆ ಬಂದು ಹೊದಿಕೆ ಎಳೆದುಕೊಂಡ ಕೂಡಲೇ ಒಂದು ಮೆಲ್ಲಗೆ "ಟ್ರರ್" ಅನ್ನುತ್ತದೆ, ಹೋದನಾ ಅಂತ ವಿಚಾರಿಸಿದ ಹಾಗೆ. ಉಳಿದವು ಹೋದ ಅಂತ ಒಟ್ಟಿಗೆ ಉತ್ತರ ಕೊಡುತ್ತವೆ. ಜುಳುಜುಳುವಿನಿಂದ ಪ್ರಯೋಜನ ಆಗಿಲ್ಲ ಅಂತಲ್ಲ. ಬಂದ ನೆಂಟರು ಐದು ನಿಮಿಷ ಕೊಳದ ಹತ್ತಿರ ನಿಂತರೆ ಸಾಕು, "ಬಾತ್‌ರೂಮ್ ಎಲ್ಲಿ?" ಅಂತ ಕೇಳುತ್ತಾರೆ.

ಮೀನು ಕಡಿಮೆಯಾಗುತ್ತಿವೆ ಅಂತ ಮಗಳು ಒಂದು ಪ್ಲಾಸ್ಟಿಕ್ ಕೊಕ್ಕರೆ ತರಿಸಿದಳು. ಕೊಕ್ಕರೆಗಳಿಗೆ ಗಡಿ ಮುಖ್ಯ, ಒಂದು ನಿಂತ ಜಾಗಕ್ಕೆ ಇನ್ನೊಂದು ಬರುವುದಿಲ್ಲ ಅನ್ನುವುದು ಅವಳ ವಾದ. ಕೊಕ್ಕರೆ ಬರಲಿಲ್ಲ, ನಿಜ. ಮಾರನೇ ಬೆಳಿಗ್ಗೆ ಒಂದು ಮಿಂಚುಳ್ಳಿ ಬಂತು. ಸರಿಯಾದ ಎತ್ತರದಲ್ಲಿ ಕೂರಲು ಅದಕ್ಕೆ ಇದುವರೆಗೆ ಜಾಗ ಇರಲಿಲ್ಲ. ಪ್ಲಾಸ್ಟಿಕ್ ಕೊಕ್ಕರೆಯ ತಲೆ ಮೇಲೆ ಕೂತು, ಒಂದು ಗಪ್ಪಿ ಹಿಡಿದು, ಅದೇ ತಲೆಗೆ ಎರಡು ಸಲ ಬಡಿದು ನುಂಗಿ ಹೋಯಿತು.

ನಿನ್ನೆಯಿಂದ ಪಂಪು ನಿಂತಿದೆ. ಕರೆಂಟ್ ತೆಗೆದು ಕೈ ಹಾಕಿ ನೋಡಿದರೆ ಜಾಲರಿಗೆ ಒತ್ತಿಕೊಂಡು ಒಂದು ದಪ್ಪ ಕಪ್ಪೆ ಕೂತಿತ್ತು. ತೆಗೆದು ಆಚೆ ಬಿಟ್ಟೆ, ಸಂಜೆಗೆ ಮತ್ತೆ ಅಲ್ಲೇ ಇತ್ತು. ಸುದ್ದಿ ಹೇಗೋ ಭಾವಮೈದನಿಗೆ ತಲುಪಿದೆ. ಭಾನುವಾರ ಬಂದು ಎಲ್ಲ ಬಿಚ್ಚಿ ಕ್ಲೀನ್ ಮಾಡಿಕೊಡ್ತೀನಿ ಅಂತ ಫೋನ್ ಮಾಡಿದ್ದ. ಬ್ರಷ್ಷನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇವೆ. "ಏಣಿಯನ್ನೂ ಬಚ್ಚಿಡಿ" ಅಂತಿದ್ದಾಳೆ ಹೆಂಡತಿ.