ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಿ!

ಮಾರುಕಟ್ಟೆಯಲ್ಲಿ ಎಲ್ಲರೂ ಸ್ವತಂತ್ರರು. ಹಾಗಂತ ಹೇಳುವವರು ಹೆಚ್ಚಾಗಿ ಸಂಬಳ ಕೊಡುವವರು, ತಗೊಳ್ಳುವವರಲ್ಲ. ಇರಲಿ. ನಿಮ್ಮ ತಲೆಗೆ ಯಾರಾದರೂ ಬಂದೂಕು ಹಿಡಿದಿದ್ದರಾ? ಕೆಲಸದ ಕರಾರಿಗೆ ಸಹಿ ಹಾಕಿದ್ದು ನೀವೇ ಅಲ್ವಾ? ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಿ, ಮುಗೀತು.

ಇಷ್ಟು ಸಲೀಸಾದ ಲೆಕ್ಕಕ್ಕೆ ತಕರಾರು ತೆಗೆಯುವವರೂ ಇದ್ದಾರೆ. ಸ್ವಾತಂತ್ರ್ಯ ಅಂದರೆ ಒಳ್ಳೆ ಒಡೆಯ ಸಿಗುವುದಲ್ಲ, ಒಡೆಯನೇ ಇಲ್ಲದಿರುವುದು ಅಂತ ಪ್ರಾಚೀನ ರೋಮ್‌ನ ರಾಜಕಾರಣಿ ಸಿಸೆರೊ ಬರೆದಿದ್ದ. (ಅವನ ಮನೆಯಲ್ಲೇ ಗುಲಾಮರಿದ್ದರು, ಆ ಮಾತು ಬೇರೆ.) ಈ ಗಣರಾಜ್ಯವಾದಿ ವಿಚಾರವನ್ನು 1997ರಲ್ಲಿ ಹೊಸದಾಗಿ ಎತ್ತಿ ಹಿಡಿದವರು ತತ್ವಶಾಸ್ತ್ರಜ್ಞ ಫಿಲಿಪ್ ಪೆಟಿಟ್. ಒಡೆಯ ಹೊಡೆಯಲೇಬೇಕು ಅಂತೇನಿಲ್ಲ, ಮನಸ್ಸು ಬಂದಾಗ ಹೊಡೆಯಬಹುದು ಅನ್ನೋ ಹಾಗಿದ್ದರೆ ಸಾಕು, ನೀವು ಅವನ ಅಧೀನ. ಹೆದರದೆ, ಹಲ್ಲು ಗಿಂಜದೆ ಇನ್ನೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡೋಕೆ ಆಗುತ್ತಾ? ಅದೇ ಅವರ ಪರೀಕ್ಷೆ.

ಈ ಪರೀಕ್ಷೆಯನ್ನು ಇನ್‌ಕ್ರಿಮೆಂಟ್ ಕೊಡುವ ತಿಂಗಳಲ್ಲಿ ಇಡಬೇಕು. ಸಾಹೇಬರ ಮೂಡ್ ಹೇಗಿದೆ ಅಂತ ಹೊರಗೆ ಕೂತವರನ್ನು ಮೆಲ್ಲಗೆ ವಿಚಾರಿಸಿ, ಹೋದ ವಾರ ಕೇಳಿದ ಜೋಕಿಗೆ ಈ ವಾರವೂ ಹೊಟ್ಟೆ ಹಿಡಿದು ನಕ್ಕು, ಬಾಗಿಲ ಹತ್ತಿರ ಹೋಗಿ ನೆನಪಾದವರಂತೆ ತಿರುಗಿ 'ಸರ್, ಎರಡು ದಿನ ರಜೆ' ಅನ್ನುವ ಸ್ವತಂತ್ರ ಪ್ರಜೆಯನ್ನು ನೋಡಿದ್ದೀರಲ್ಲ? ಸಾಹೇಬರು ಪಾಪ ಒಳ್ಳೆಯವರೇ. ಯಾರನ್ನೂ ಬೈದವರಲ್ಲ. ನಾವೆಲ್ಲ ಒಂದೇ ಕುಟುಂಬ ಅಂತಲೂ ಹೇಳುತ್ತಿರುತ್ತಾರೆ.

ಹಾಗಂತ ಪೆಟಿಟ್ ಮಾರುಕಟ್ಟೆಯ ವೈರಿಯಲ್ಲ. ಕೊಳ್ಳುವವರೂ ಮಾರುವವರೂ ಬೇಕಾದಷ್ಟಿದ್ದರೆ ಒಬ್ಬರ ಮರ್ಜಿ ಇನ್ನೊಬ್ಬರ ಮೇಲೆ ನಡೆಯಲ್ಲ, ಈ ಅಂಗಡಿಯವನು ಮುಖ ಗಂಟು ಹಾಕಿದರೆ ಪಕ್ಕದ ಅಂಗಡಿ ಇದೆ. ಅದೇ ಪಂಥದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಟೇಲರ್ ಇನ್ನೂ ಮುಂದೆ ಹೋಗಿ, ಬಿಟ್ಟು ಹೋಗೋದನ್ನು ಸುಲಭ ಮಾಡಿ, ಸ್ವಾತಂತ್ರ್ಯ ತಾನಾಗಿ ಬರುತ್ತೆ ಅಂದರು. ಅಲ್ಲಿಗೆ 'ಬಿಟ್ಟು ಹೋಗಿ' ಅನ್ನೋದು ಒಳ್ಳೆ ಸಲಹೆಯೇ ಆಯಿತಲ್ಲ!

ಆದರೆ ಹೋಗೋದೆಲ್ಲಿಗೆ? ಅಮೆರಿಕದ ಒಂದು ಸ್ಯಾಂಡ್‌ವಿಚ್ ಕಂಪನಿ, ಕೆಲಸ ಬಿಟ್ಟ ಮೇಲೂ ಎರಡು ವರ್ಷ ಸುತ್ತಮುತ್ತ ಬೇರೆ ಕಡೆ ಸ್ಯಾಂಡ್‌ವಿಚ್ ಮಾಡಬಾರದು ಅಂತ ಕೆಲಸಗಾರರಿಂದ ಬರೆಸಿಕೊಳ್ಳುತ್ತಿತ್ತು. ಎರಡು ಬ್ರೆಡ್ಡಿನ ನಡುವೆ ಸೊಪ್ಪು ಇಡುವ ಪರಮ ರಹಸ್ಯ ಎದುರಾಳಿಗೆ ಸೋರಿಬಿಟ್ಟರೆ? 2016ರಲ್ಲಿ ಸರ್ಕಾರಿ ವಕೀಲರು ಬೆನ್ನು ಬಿದ್ದ ಮೇಲೆ ಕಂಪನಿ ಆ ಷರತ್ತನ್ನು ಕೈಬಿಟ್ಟಿತು. ಇಂಥ ಷರತ್ತಿಗೆ ಸಿಕ್ಕಿಬಿದ್ದವರು ಸುಮಾರು 3 ಕೋಟಿ ಜನ ಅಂತ ಅಲ್ಲಿ ಮಾರುಕಟ್ಟೆಯ ಸ್ಪರ್ಧೆ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅಂದಾಜು ಮಾಡಿ, 2024ರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಿಷೇಧಿಸಿತು. ಕೋರ್ಟಿಗೆ ಓಡಿದ್ದು ಯಾರು ಗೊತ್ತಾ? ಮುಕ್ತ ಮಾರುಕಟ್ಟೆ, ಮುಕ್ತ ಸ್ಪರ್ಧೆ ಅಂತ ದಿನಾ ಜಪ ಮಾಡುವ ಉದ್ಯಮಿಗಳ ಸಂಘ, ಅಮೆರಿಕದ ವಾಣಿಜ್ಯ ಮಂಡಳಿ. ಆಗಸ್ಟ್‌ನಲ್ಲಿ ಟೆಕ್ಸಸ್‌ನ ಕೋರ್ಟು ನಿಷೇಧವನ್ನು ರದ್ದು ಮಾಡಿತು, 2025ರಲ್ಲಿ ಕಮಿಷನ್ ಕೂಡ ಮೇಲ್ಮನವಿಯ ಸಹವಾಸವೇ ಬೇಡ ಅಂತ ಸುಮ್ಮನಾಯಿತು.