ಚೀಟಿ ಕೇಳದೆ ಕೊಡುವ ನಿದ್ದೆ ಮಾತ್ರೆ

ಇವತ್ತು ಶಿವಮೊಗ್ಗದ ದುರ್ಗಿಗುಡಿಯ ಔಷಧಿ ಅಂಗಡಿಯೊಂದರಲ್ಲಿ ಕಂಡದ್ದಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ಹೊಸನಗರದ ಬಸ್ಸಿಗೆ ಹೊರಟಿದ್ದ ಅಜ್ಜಿಯೊಬ್ಬರು ಖಾಲಿ ಪಟ್ಟಿಯ ತುಂಡು ತೋರಿಸಿ, "ಇದೇ ಮಾತ್ರೆ, ಒಂದು ತಿಂಗಳಿಗೆ ಕೊಡಪ್ಪ" ಅಂದರು. ಹುಡುಗ ಚೀಟಿ ಕೇಳಲಿಲ್ಲ. ಆಲ್‌ಪ್ರಜೋಲಮ್ ಅನ್ನೋ ನಿದ್ದೆ ಮಾತ್ರೆಯ ಪಟ್ಟಿ ಕತ್ತರಿಸಿ, ಪುಟ್ಟ ಕವರಿಗೆ ಹಾಕಿ, ಮೇಲೆ 'ರಾತ್ರಿ 1' ಅಂತ ಗೀಚಿದ. ಯಾವಾಗ ನಿಲ್ಲಿಸಬೇಕು ಅಂತ ಹೇಳಲಿಲ್ಲ. ಅಜ್ಜಿಯ ಯಜಮಾನರು ತೀರಿಕೊಂಡಾಗ ಡಾಕ್ಟ್ರು ಬರೆದದ್ದಂತೆ. ಅವತ್ತಿನಿಂದ ನಡೀತಾನೇ ಇದೆ.

ಮಾತ್ರೆಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಫಿಟ್ಸ್ ನಿಲ್ಲದೇ ಇದ್ದಾಗ ಜೀವ ಉಳಿಸುವುದು ಇದೇ ಜಾತಿಯ ಲೊರಾಜೆಪಮ್, ಮಿಡಜೋಲಮ್. ಕುಡಿತ ಬಿಡುವವರ ನಡುಕಕ್ಕೂ ಇವು ಬೇಕು. ಇದೇ ಜಾತಿಯ ಡಯಾಜೆಪಮ್ 1963ರಿಂದಲೂ ಇದೆ, ಸುಮ್ನೆ ಉಳಿದುಕೊಂಡಿಲ್ಲ. ಆದರೆ ದಿನಾ ನುಂಗಿದರೆ ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ನಿದ್ದೆಗೆ ಅಂತ ಕೊಟ್ಟರೆ ಸಾಮಾನ್ಯವಾಗಿ 2ರಿಂದ 4 ವಾರ, ಅಷ್ಟೇ. ವರ್ಷಗಟ್ಟಲೆ ಅಲ್ಲ.

ನಮ್ಮ ಅತ್ತೆಗೆ ಆದದ್ದು ಕೇಳಿ. ರಾತ್ರಿ ಹಿತ್ತಲ ಬಚ್ಚಲಿಗೆ ಹೊರಟವರು ಜಂಬಿಟ್ಟಿಗೆ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಳೆಗೆ ಜಾರಿದ್ದು ಅಂದರು ಎಲ್ಲರೂ. ಮಳೆ ಇತ್ತು, ನಿಜ. ಮಲಗುವಾಗ ನುಂಗಿದ ಮಾತ್ರೆಯ ಮಂಪರೂ ಇತ್ತಲ್ವಾ? ವಯಸ್ಸಾದವರಿಗೆ ಇದರಿಂದ ಬೀಳುವ ಅಪಾಯ ಜಾಸ್ತಿ, ಮರೆವೂ ಜಾಸ್ತಿ. ಆಸ್ಪತ್ರೆಯಲ್ಲಿ ಒಬ್ಬರೂ ಆ ಮಾತ್ರೆಯ ಬಗ್ಗೆ ಕೇಳಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

"ಪಾಪ, ಅಷ್ಟು ದೂರದಿಂದ ಬಂದವರನ್ನು ಬರಿಗೈಲಿ ಕಳಿಸೋದಾ?" ಅಂತ ಪಕ್ಕದಲ್ಲಿದ್ದವರೊಬ್ಬರು ನನಗೇ ಬುದ್ಧಿ ಹೇಳಿದರು. ಮಳೆಗಾಲದಲ್ಲಿ ಘಟ್ಟದ ಊರಿಂದ ಡಾಕ್ಟರ ಹತ್ತಿರ ಬರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಕೇಳಿದಷ್ಟು ಕತ್ತರಿಸಿ ಕೊಡುವುದು ಕರುಣೆ ಅಲ್ಲ. ಈ ಮಾತ್ರೆ ಶೆಡ್ಯೂಲ್ ಎಚ್1ನಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಚೀಟಿ ನೋಡಬೇಕು, ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆಯಬೇಕು, ಆ ಪುಸ್ತಕ 3 ವರ್ಷ ಇಡಬೇಕು. ಅಜ್ಜಿಯ ಹೆಸರನ್ನು ಅಲ್ಲಿ ಯಾರೂ ಕೇಳಲೇ ಇಲ್ಲ.

ಇದನ್ನು ಓದಿ ಮನೆಯ ಹಿರಿಯರ ಕೈಯಿಂದ ಇವತ್ತೇ ಮಾತ್ರೆ ಕಿತ್ತುಕೊಳ್ಳಬೇಡಿ, ದಯವಿಟ್ಟು. ಬಹಳ ದಿನ ನುಂಗಿದವರು ಥಟ್ಟನೆ ಬಿಟ್ಟರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಫಿಟ್ಸೂ ಬರಬಹುದು. ಡಾಕ್ಟರು ಹೇಳಿದ ಹಾಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಷ್ಟರವರೆಗೆ ಜೊತೆಗೆ ಹೆಂಡ ಬೇಡವೇ ಬೇಡ, ಉಸಿರೇ ನಿಧಾನವಾಗಬಹುದು. ಪೇಟೆಗೆ ಬರಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಆ ನಂಬರನ್ನು ಅಜ್ಜಿಯ ಕವರಿನ ಹಿಂದೆ ಬರೆದುಕೊಟ್ಟಿದ್ದೇನೆ. ಅಂಗಡಿಯ ಯಜಮಾನರ ಹತ್ತಿರ ನಾಳೆ ಹೋಗಿ ಮಾತಾಡುತ್ತೇನೆ.