ಮಳೆಯಲ್ಲಿ ಅರಗಿನ ಮುದ್ರೆ

ಜಲಮಾಲಿನ್ಯ ತಡೆಯಲೆಂದು ಸಂಸತ್ತು 1974ರಲ್ಲಿ ಮಾಡಿದ ಕಾಯ್ದೆಯ 21ನೇ ಕಲಮನ್ನು ಬಿಸಿಲಿನಲ್ಲಿ ಕುಳಿತು ಓದಿದರೆ ಅದರಲ್ಲಿ ಯಾವ ಕುಂದೂ ಕಾಣುವುದಿಲ್ಲ. ಕಾರ್ಖಾನೆಯಿಂದ ಹೊರಬೀಳುವ ನೀರಿನ ಮಾದರಿಯನ್ನು ತೆಗೆದ ಅಧಿಕಾರಿ, ಅದನ್ನು ಪರೀಕ್ಷೆಗೆ ಕಳುಹಿಸುವುದಾಗಿ ಅಲ್ಲಿನ ಹೊಣೆಗಾರನಿಗೆ ನಿಂತ ಜಾಗದಲ್ಲೇ ನಮೂನೆ ಪ್ರಕಾರ ನೋಟಿಸು ಕೊಡಬೇಕು; ಮಾದರಿಯನ್ನು ಎರಡು ಪಾಲು ಮಾಡಬೇಕು; ಎರಡು ಬಾಟಲಿಗೂ ಗುರುತು ಹಾಕಿ, ಮುದ್ರೆ ಒತ್ತಿ, ಇಬ್ಬರೂ ಸಹಿ ಮಾಡಬೇಕು. ಈ ವಿಧಿ ತಪ್ಪಿದರೆ ಪರೀಕ್ಷೆಯ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಹೊಣೆಗಾರನು ಬೇಕೆಂದೇ ಕಣ್ಮರೆಯಾದರೆ ಏನು ಮಾಡಬೇಕೆಂಬುದಕ್ಕೂ ಉಪಕಲಮು ಉಂಟು. ಅಷ್ಟರಲ್ಲಿ ಮಳೆಯೇ ಕಣ್ಮರೆಯಾದರೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಇಲ್ಲ.

ಈ ಕಲಮನ್ನು ಚಾಚೂ ತಪ್ಪದೆ ಪಾಲಿಸುವ ಅಧಿಕಾರಿಯೊಬ್ಬರು ಸೆಪ್ಟೆಂಬರಿನ ಒಂದು ಸಂಜೆ, ಉತ್ತರೆ ಮಳೆ ಹಿಡಿದುಕೊಂಡಿರುವಾಗ, ಪೀಣ್ಯದ ಯಾವುದೋ ಲೋಹಲೇಪನದ ಘಟಕಕ್ಕೆ ಹೊರಟರೆಂದು ಕಲ್ಪಿಸಿಕೊಳ್ಳೋಣ. ಕಲ್ಪನೆಯೇ ಸರಿ, ಏಕೆಂದರೆ ಅಂಥ ಮಳೆಯಲ್ಲಿ ತುಮಕೂರು ರಸ್ತೆಯನ್ನು ದಾಟಿ ಬರುವುದೇ ಪುರಾಣದ ಮಾತು. ಅಂಗಳದಲ್ಲಿ ತಿಂಗಳುಗಟ್ಟಲೆ ಕೂತ ಎಣ್ಣೆ, ಲೋಹದ ಪುಡಿ, ಡ್ರಮ್ಮುಗಳಿಂದ ಸೋರಿ ಒಣಗಿದ ರಾಸಾಯನಿಕ, ಇವೆಲ್ಲವನ್ನೂ ಹೊತ್ತೊಯ್ಯುವುದು ಮಳೆಯ ಮೊದಲ ಕೆಲವು ನಿಮಿಷಗಳ ನೀರು. ಆಮೇಲೆ ಹರಿಯುವುದು ಹೆಚ್ಚುಕಡಿಮೆ ತೊಳೆದ ನೀರು. ಆದ್ದರಿಂದ ಅಧಿಕಾರಿಗಳು ಕೊಡೆಯನ್ನು ಕತ್ತು ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಚರಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹಳದಿ ತಿರುಗಿದ ನೀರಿಗೆ ಆತುರದಿಂದ ಬಾಟಲಿ ಅದ್ದುತ್ತಾರೆ. ನೋಟಿಸಿನ ಶಾಯಿ ಕರಗಿ ನೀಲಿ ಹನಿಯಾಗಿ ಮಾದರಿಯೊಳಗೇ ಬೀಳುತ್ತದೆ. ಅರಗು ಕಾಯಿಸಲು ಗೀರಿದ ಏಳನೆಯ ಕಡ್ಡಿಯೂ ಪಿಸುಗುಟ್ಟಿ ಸುಮ್ಮನಾಗುತ್ತದೆ. ಬಾಟಲಿಗೆ ಚರಂಡಿಯ ನೀರಿನ ಜೊತೆ ಆಕಾಶದ ನೀರೂ ಇಳಿಯುತ್ತಿರುವುದರಿಂದ, ಎರಡನೆಯ ನೋಟಿಸನ್ನು ಯಾರ ಹೆಸರಿಗೆ ಬರೆಯಬೇಕೆಂಬ ಕಾನೂನಿನ ಜಿಜ್ಞಾಸೆ ಹುಟ್ಟುತ್ತದೆ. ಸಹಿ ಮಾಡಬೇಕಾದ ವ್ಯವಸ್ಥಾಪಕರು ಕಾವಲುಗಾರನ ಗೂಡಿನೊಳಗೆ ನಿಂತು, ಮಳೆ ನಿಂತ ಮೇಲೆ ಬರುವುದಾಗಿ ಕೈಸನ್ನೆ ಮಾಡುತ್ತಾರೆ. ಮಳೆ ನಿಲ್ಲುತ್ತದೆ. ಹಳದಿ ನೀರು ಅಷ್ಟರಲ್ಲಿ ವೃಷಭಾವತಿಯ ದಾರಿ ಹಿಡಿದು ಬೈರಮಂಗಲದ ಕೆರೆಯ ಕಡೆಗೆ ನಡೆದಿರುತ್ತದೆ.

ಒಂದು ಎಕರೆ ಅಂಗಳದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಗುತ್ತದೆ. ಸಿಮೆಂಟು ಹಾಕಿದ ಅಂಗಳವಾದರೆ ಅದರಲ್ಲಿ ಹೆಚ್ಚಿನದು ಹೊರಗೇ ಹರಿಯುತ್ತದೆ. ಇದನ್ನು ಅಳೆಯುವುದೇನೂ ಬ್ರಹ್ಮವಿದ್ಯೆಯಲ್ಲ. ಚರಂಡಿಗೆ ಅಡ್ಡಲಾಗಿ ಇಂಗ್ಲಿಷಿನ ವಿ ಅಕ್ಷರದಂತೆ ಕೊರೆದ ತಗಡು ನಿಲ್ಲಿಸಿ, ಕೊರೆತದ ತಳದಿಂದ ನೀರು ಎಷ್ಟು ಎತ್ತರಕ್ಕೆ ಏರಿತೆಂದು ನೋಡಿದರೆ ಸಾಕು: ಕೊರೆತವು 90 ಡಿಗ್ರಿಯದಾದರೆ 10 ಸೆಂಟಿಮೀಟರಿಗೆ ಸೆಕೆಂಡಿಗೆ ನಾಲ್ಕೂವರೆ ಲೀಟರಿನಷ್ಟು, 20 ಸೆಂಟಿಮೀಟರಿಗೆ 25 ಲೀಟರಿನಷ್ಟು. ತಗಡು ಹಾಕಿದವರಿದ್ದಾರೆ; ಆ ಕೊರೆತದಲ್ಲಿ ಈಗ ಗುಟ್ಕಾ ಪೊಟ್ಟಣಗಳು ಸಿಕ್ಕಿಕೊಂಡಿರುವುದರಿಂದ ಅಳತೆಯು ಹರಿವಿನದೋ ಕಾರ್ಮಿಕರ ಚಟದದೋ ಎಂದು ಹೇಳುವುದು ಕಷ್ಟ.

ಹಾಗೆಂದು ನೀರಿನ ಗುಣದ ಬಗ್ಗೆ ನಮಗೆ ಕಾಳಜಿಯಿಲ್ಲವೆನ್ನಲಾಗದು. ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಜಿಡ್ಡು 10, ಲೋಹಲೇಪನದಿಂದ ಬರುವ ಹಳದಿ ಬಣ್ಣದ ವಿಷಕಾರಿ ಷಡ್‌ವೇಲೆನ್ಸಿ ಕ್ರೋಮಿಯಂ 0.1 ಮೀರಬಾರದೆಂದು ನಿಯಮವಿದೆ. ಶುದ್ಧೀಕರಣ ಘಟಕದ ಕೊನೆಯ ನಲ್ಲಿಗೆ, ದೊಡ್ಡ ಕಾರ್ಖಾನೆಯಾದರೆ, ಹಗಲೂ ರಾತ್ರಿ ಅಳೆಯುವ ಯಂತ್ರವೇ ಉಂಟು. ಕೋಟೆಯ ಹೆಬ್ಬಾಗಿಲಿಗೆ ಯಂತ್ರದ ಕಾವಲು, ಹಿಂದಿನ ದಿಡ್ಡಿಯಲ್ಲಿ ಮಳೆಚರಂಡಿ. ಒಂದು ಹನಿಯನ್ನೂ ಹೊರಬಿಡುವುದಿಲ್ಲವೆಂದು ಶೂನ್ಯ ವಿಸರ್ಜನೆಯ ಫಲಕ ತೂಗುಹಾಕಿದ ಕಾರ್ಖಾನೆಯಲ್ಲಂತೂ ಆ ದಿಡ್ಡಿಯ ಮಾತೆತ್ತುವುದು ಅಸಭ್ಯತೆ: ಹೊರಬೀಳದ ನೀರಿನ ಮಾದರಿಯನ್ನು ಯಾರು ತಾನೇ ತೆಗೆದಾರು?

ಹೀಗಾಗಿ ಎಲ್ಲರಿಗೂ ಒಪ್ಪಿಗೆಯಾಗುವ ದಿನ ಮಾರ್ಚಿನಲ್ಲಿ ಒದಗಿಬರುತ್ತದೆ. ಶುದ್ಧೀಕರಿಸಿದ ನೀರಿನ ತೊಟ್ಟಿಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಕಾಫಿ, ತೊಟ್ಟಿಯಲ್ಲಿ ನೀರಿನ ಪರಿಶುದ್ಧತೆಗೆ ಸಾಕ್ಷಿಯಾಗಿ ಬಿಟ್ಟ ನಾಲ್ಕು ಬಣ್ಣದ ಮೀನು. ಕಡ್ಡಿ ಒಂದೇ ಗೀರಿಗೆ ಹೊತ್ತಿಕೊಳ್ಳುತ್ತದೆ, ಅರಗು ಸಲೀಸಾಗಿ ಕರಗುತ್ತದೆ, ಇಬ್ಬರ ಸಹಿಯೂ ಮುತ್ತು ಪೋಣಿಸಿದ ಹಾಗೆ ಮೂಡುತ್ತದೆ. ದಾಖಲೆಯ ಕೊನೆಯ ಅಂಕಣದಲ್ಲಿ, ಮಳೆಚರಂಡಿ ಎಂಬುದರ ಎದುರಿಗೆ, ‘ಪರಿಶೀಲನೆಯ ವೇಳೆ ಹರಿವು ಇರಲಿಲ್ಲ’ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕುತ್ತಾರೆ.